ಬೊಗ್ಗುವಿನ ಚೈನು ಬಿಚ್ಚಿದ್ದು ಯಾರು?

ಈ ಸಲ ಬಿಸುವಿನ ದಿನ, ಅಂದರೆ ನಮ್ಮ ತುಳುವರ ಹೊಸ ವರ್ಷದ ದಿನ, ಬೆಳಿಗ್ಗೆ ಕಣಿ ನೋಡಿ, ಅಮ್ಮನ ಕಾಲು ಹಿಡಿದು, ಚಹಾದ ಲೋಟ ತಗೊಂಡು ಜಗಲಿಯಲ್ಲಿ ಕೂತು ಮೊಬೈಲ್ ತೆಗೆದೆ. ಫ್ಯಾಮಿಲಿ ಗ್ರೂಪಿನಲ್ಲಿ ನಲವತ್ತೇಳು ಮೆಸೇಜು. ನಲವತ್ತಾರು ಮೆಸೇಜು ಸೌತೆಕಾಯಿ, ಕನ್ನಡಿ, ಕಕ್ಕೆ ಹೂವು ಇಟ್ಟ ಕಣಿಯ ಫೋಟೋಗಳು. ಉಳಿದ ಒಂದು ಟೈಟಾನಿಕ್. ಅದು ಕಟಪಾಡಿಯ ಮಾವ ಕಳಿಸಿದ್ದು. ಪ್ರತಿ ವರ್ಷ ಹೀಗೇ. ಆ ಹಡಗು ಹಿಮದ ಗುಡ್ಡೆಗೆ ಹೊಡೆದದ್ದು 1912ರ ಏಪ್ರಿಲ್ 14ರ ರಾತ್ರಿ, ಮುಳುಗಿದ್ದು 15ರ ಬೆಳಗಿನ ಜಾವ, ನಮ್ಮ ಬಿಸುವೂ ಅದೇ ಹೊತ್ತಿಗೆ ಬರುತ್ತದಲ್ಲ, ಹಾಗಾಗಿ ಇಪ್ಪತ್ತೆರಡು ವರ್ಷ ಶಿಪ್ಪಿನಲ್ಲಿ ಅಡುಗೆ ಮಾಡಿ ಬಂದ ನಮ್ಮ ಮಾವನಿಗೆ ಹೊಸ ವರ್ಷದ ಶುಭಾಶಯ ಅಂದರೆ ಟೈಟಾನಿಕ್. ಅತ್ತೆಗೆ ಇದು ಸ್ವಲ್ಪವೂ ಸರಿ ಬರುವುದಿಲ್ಲ. "ಒಳ್ಳೆ ದಿನ ಮುಳುಗಿದ ಹಡಗು ಕಳಿಸುವುದು ಎಂತದು ಮಾರಾಯ್ರೆ" ಅಂತ ಅದೇ ಗ್ರೂಪಿನಲ್ಲಿ ಬೈಯುತ್ತಾರೆ. ಮಾವ ಹೆಬ್ಬೆರಳು ಎತ್ತಿ ತೋರಿಸುತ್ತಾರೆ.

ಈ ಸಲದ್ದು ನಾಯಿಯ ಕಥೆ. ಹಡಗಿನ ಫಸ್ಟ್ ಆಫೀಸರ್ ಮುರ್ಡೋಕ್ ಅವರ ಹತ್ತಿರ ರೈಗೆಲ್ ಅಂತ ದೊಡ್ಡ ಕಪ್ಪು ನ್ಯೂಫೌಂಡ್‌ಲ್ಯಾಂಡ್ ನಾಯಿ ಇತ್ತಂತೆ. ಯಜಮಾನ ಮುಳುಗಿದ ಮೇಲೂ ಅದು ಎರಡು ಗಂಟೆ ಹೊತ್ತು ನೀರಿನಲ್ಲಿ ಈಜುತ್ತಾ ಇತ್ತಂತೆ. ಬದುಕಿದವರನ್ನು ಎತ್ತಿಕೊಳ್ಳಲಿಕ್ಕೆ ಬಂದ ಕಾರ್ಪೇಥಿಯ ಹಡಗು ಕತ್ತಲಲ್ಲಿ ಒಂದು ಲೈಫ್‌ಬೋಟಿನ ಮೇಲೇ ಬರುತ್ತಿದ್ದಾಗ ಬೊಗಳಿ ಬೊಗಳಿ ಎಚ್ಚರಿಸಿತಂತೆ. ಕೆಳಗೆ ಕೈಮುಗಿದ ಚಿತ್ರ ಆರು.

ಸುಳ್ಳು. ನಾನು ಆಗಲೇ ಬರೆದೆ, "ಮಾವ, ಇದು ಸುಳ್ಳು." ಆವತ್ತು ನೀರು ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಕೆಳಗಿತ್ತು, ಉಪ್ಪು ನೀರಾದ್ದರಿಂದ ಹೆಪ್ಪುಗಟ್ಟಿರಲಿಲ್ಲ ಅಷ್ಟೆ. ಅದರಲ್ಲಿ ಎರಡು ಗಂಟೆ ಈಜಿ ಆಮೇಲೆ ಬೊಗಳುವುದು ಯಾವ ನಾಯಿಗೂ ಆಗದ ಮಾತು. ಬದುಕಿ ಬಂದವರು ಎಷ್ಟೋ ಜನ ಎಷ್ಟೋ ಹೇಳಿದ್ದಾರೆ, ರೈಗೆಲ್‌ನ ಸುದ್ದಿ ಎತ್ತಿದವರು ಇಲ್ಲ. ಆಗಿನ ಪೇಪರಿನವರು ಬರೆದ ಕಥೆ, ನೂರು ವರ್ಷದಿಂದ ಓಡುತ್ತಾ ಇದೆ.

ಮಾವ ಫೋನೇ ಮಾಡಿದರು. "ಸುಳ್ಳು ಆದರೆ ಎಂತ, ಒಳ್ಳೆ ಕಥೆ ಅಲ್ವಾ?"

ನನಗೆ ಯಾಕೋ ಸಿಟ್ಟು ಬಂತು. ಯಾಕೆ ಅಂತ ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಾ ಇದ್ದೇನೆ.

ಆ ಹಡಗಿನಲ್ಲಿ ನಿಜವಾಗಿ ಇದ್ದ ನಾಯಿಗಳು ಹನ್ನೆರಡು ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ನಮಗೆ ಗೊತ್ತಿರುವವೆಲ್ಲ ಮೊದಲ ದರ್ಜೆಯ ಶ್ರೀಮಂತರದ್ದು. ದೊಡ್ಡ ನಾಯಿಗಳಿಗೆ ಕೆಳಗಿನ ಡೆಕ್ಕಿನಲ್ಲಿ ಗೂಡು. ದಿನಾ ಮೇಲೆ ಕರಕೊಂಡು ಬಂದು ತಿರುಗಾಡಿಸುತ್ತಿದ್ದರು. ಸಣ್ಣ ನಾಯಿಗಳನ್ನು ಕೆಲವರು ತಮ್ಮ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಇದಕ್ಕೆಲ್ಲ ಮಾವನಿಗೆ ಆಶ್ಚರ್ಯ ಇಲ್ಲ. ಈಗಲೂ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗುವ ಕ್ವೀನ್ ಮೇರಿ 2 ಹಡಗಿನಲ್ಲಿ ನಾಯಿಗೂಡು ಇದೆ, ಇಪ್ಪತ್ನಾಲ್ಕು. ಅಲ್ಲಿ ನಾಯಿಗಳು ಕಾಲೆತ್ತಲಿಕ್ಕೆ ಇಂಗ್ಲೆಂಡಿನ ನಾಯಿಗೆ ಊರಿನ ನೆನಪಾಗಲಿ ಅಂತ ಒಂದು ಲೈಟುಕಂಬ, ಅಮೆರಿಕದ ನಾಯಿಗೆ ಅಂತ ಒಂದು ಬೆಂಕಿ ಆರಿಸುವ ನೀರಿನ ನಲ್ಲಿ. ಇದು ತಮಾಷೆ ಅಲ್ಲ, ನಿಜ. ಅಮ್ಮ ಇದನ್ನು ಕೇಳಿ ಎಳೆ ಗೇರುಬೀಜದ ಸಿಪ್ಪೆ ಬಿಡಿಸುವುದನ್ನೇ ನಿಲ್ಲಿಸಿ, ಸೊನೆ ತಾಗಿ ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ನಮ್ಮ ಬೊಗ್ಗು ಹೋಗಿದ್ದರೆ ಅವನಿಗೆ ಒಂದು ತೆಂಗಿನ ಮರ ನೆಡಬೇಕಿತ್ತು" ಅಂದರು.

ಹನ್ನೆರಡರಲ್ಲಿ ಬದುಕಿದ್ದು ಮೂರು. ಎರಡು ಪೊಮೇರಿಯನ್, ಒಂದು ಪೆಕಿನೀಸ್. ಮೂರೂ ಕಂಕುಳಲ್ಲಿ ಹಿಡಿಸುವಷ್ಟು ಸಣ್ಣವು. ಪೆಕಿನೀಸಿನ ಹೆಸರು ಸನ್ ಯಾಟ್-ಸೆನ್. ಚೀನಾದ ನಾಯಕನ ಹೆಸರೇ, ಅದೇ ವರ್ಷ ಜನವರಿಯಲ್ಲಿ ಅವರು ಅಲ್ಲಿನ ಅಧ್ಯಕ್ಷರಾಗಿದ್ದರು. ಹೆಸರಿಟ್ಟವರು ಪುಸ್ತಕ ಪ್ರಕಟಿಸುವ ಹಾರ್ಪರ್ ಮನೆತನದ ಹೆನ್ರಿ ಹಾರ್ಪರ್. ಅವರು, ಅವರ ಹೆಂಡತಿ, ಈಜಿಪ್ಟಿನಿಂದ ಜೊತೆಗೆ ಬಂದಿದ್ದ ದುಭಾಷಿ, ನಾಯಿ, ಎಲ್ಲರೂ ಒಂದೇ ಬೋಟಿನಲ್ಲಿ ಬಚಾವಾದರು. ಎರಡನೆಯದು ಎಲಿಜಬೆತ್ ರಾಥ್‌ಸ್‌ಚೈಲ್ಡ್ ಅವರ ಪೊಮೇರಿಯನ್. ನಾಯಿ ಉಳಿಯಿತು, ಗಂಡ ಉಳಿಯಲಿಲ್ಲ. ಮೂರನೆಯದು ಲೇಡಿ, ಮಾರ್ಗರೆಟ್ ಹೇಸ್ ಅನ್ನುವ ಯುವತಿ ಪ್ಯಾರಿಸ್ಸಿನಲ್ಲಿ ಕೊಂಡಿದ್ದು. ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೋಟಿಗೆ ಹತ್ತಿದಳು. (ಇದೇ ಮಾರ್ಗರೆಟ್ ಮುಂದೆ ನ್ಯೂಯಾರ್ಕಿನಲ್ಲಿ, ತಂದೆ ಮುಳುಗಿ ತಬ್ಬಲಿಗಳಾಗಿದ್ದ ಇಬ್ಬರು ಪುಟ್ಟ ಫ್ರೆಂಚ್ ಹುಡುಗರನ್ನು, ಅವರ ತಾಯಿ ಫ್ರಾನ್ಸಿನಿಂದ ಬರುವವರೆಗೆ ನೋಡಿಕೊಂಡಳು. ನಾಯಿ ಹಿಡಿದುಕೊಂಡು ಓಡಿದವಳು ಅಂತ ಹಗುರವಾಗಿ ಮಾತಾಡುವವರು ಇದನ್ನೂ ಸೇರಿಸಿ ಹೇಳಬೇಕು.)

ಈಗ ನಾನು ಹೇಳಬೇಕಾದ್ದು. ಹೆಲೆನ್ ಬಿಷಪ್ ಅಂತ ಇನ್ನೊಬ್ಬಳು. ಹತ್ತೊಂಬತ್ತು ವರ್ಷ, ಗಂಡನ ಜೊತೆ ಹನಿಮೂನ್ ಮುಗಿಸಿ ವಾಪಸು ಹೊರಟವಳು. ಅವಳ ಸಣ್ಣ ನಾಯಿ ಫ್ರೂ ಫ್ರೂ. ಮುದ್ದಾಗಿತ್ತು, ಗೂಡಿಗೆ ಹಾಕದೆ ಕೋಣೆಯಲ್ಲೇ ಇಟ್ಟುಕೊಳ್ಳಲಿಕ್ಕೆ ಬಿಟ್ಟಿದ್ದರು. ಮೇಲೆ ಬನ್ನಿ ಅಂತ ಕರೆ ಬಂದಾಗ, ನಾಯಿ ಹಿಡಿದುಕೊಂಡು ಬಂದವಳನ್ನು ಯಾರೂ ಮೆಚ್ಚುವುದಿಲ್ಲ ಅಂತ ಅವಳಿಗೆ ಅನಿಸಿತಂತೆ. ಕೋಣೆಯಲ್ಲೇ ಬಿಟ್ಟು ಹೊರಟಳು. ಫ್ರೂ ಫ್ರೂ ಅವಳ ಬಟ್ಟೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿಯಿತು. ಎಳೆದು ಬಿಡಿಸಿಕೊಂಡು ಹೋದಳು.

ಅವಳು ಹತ್ತಿದ್ದು ಏಳನೇ ನಂಬರಿನ ಬೋಟು. ಮಾರ್ಗರೆಟ್ ಹೇಸ್ ಲೇಡಿಯನ್ನು ಸುತ್ತಿಕೊಂಡು ಕೂತಿದ್ದೂ ಅದೇ ಏಳನೇ ನಂಬರಿನಲ್ಲಿ.

ಅದು ಎಲ್ಲಕ್ಕಿಂತ ಮೊದಲು ಕೆಳಗಿಳಿಸಿದ ಬೋಟು. 65 ಜನ ಹಿಡಿಸುವ ಬೋಟಿನಲ್ಲಿ ಇದ್ದದ್ದು ಸುಮಾರು 28 ಮಂದಿ. ಅರ್ಧಕ್ಕಿಂತ ಜಾಸ್ತಿ ಖಾಲಿ. ಆ ಖಾಲಿ ಹಲಗೆಗಳ ಮೇಲೆ ಹೆಲೆನ್ ಕೂತಿದ್ದಾಳೆ, ಎದುರಿಗೋ ಹಿಂದೆಯೋ ಯಾರದೋ ಕಂಬಳಿ ಅಲ್ಲಾಡುತ್ತಾ ಇದೆ. ಅವಳು ಅದನ್ನು ನೋಡಿದಳಾ? ನೋಡದೇ ಇರಲಿಕ್ಕೆ ಹೇಗೆ ಆಗುತ್ತದೆ, ಬೆಳಗಾಗುವವರೆಗೆ ಅದೇ ಬೋಟಿನಲ್ಲಿ.

ನಾನು ಈ ವಿಷಯಕ್ಕೆ ಬಂದಾಗಲೆಲ್ಲ ಅಲ್ಲೇ ನಿಲ್ಲುತ್ತೇನೆ. ನನ್ನದೂ ಒಂದು ಬೋಟಿದೆ.

2020ರ ಸೆಪ್ಟೆಂಬರ್ 20. ಭಾನುವಾರ. ಉಡುಪಿಯವರಿಗೆ ತಾರೀಕು ಹೇಳಿದರೆ ಸಾಕು. ಶನಿವಾರ ರಾತ್ರಿ ಇಡೀ ಮಳೆ ಬಿಟ್ಟಿರಲಿಲ್ಲ. ಇಂದ್ರಾಣಿ ಅಂತ ನಾವು ಕರೆಯುವ, ಉಳಿದ ದಿನ ಮೂಗು ಮುಚ್ಚಿ ದಾಟುವ ಆ ತೋಡು ಬೆಳಗಾಗುವಷ್ಟರಲ್ಲಿ ಕಲ್ಸಂಕ, ಗುಂಡಿಬೈಲು, ಬೈಲಕೆರೆ ಎಲ್ಲವನ್ನೂ ಒಂದು ಮಾಡಿತ್ತು. ನಮ್ಮ ಮನೆ ತಗ್ಗಿನಲ್ಲಿ. ನಾಲ್ಕು ಗಂಟೆಗೆ ಅಮ್ಮ ಬಾತ್‌ರೂಮಿಗೆ ಅಂತ ಕಾಲು ಕೆಳಗಿಟ್ಟರೆ ಪಾದ ಮುಳುಗಿತು. ಕರೆಂಟು ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ತೇಲುತ್ತಾ ಬಂದು ದೇವರಕೋಣೆಯ ಬಾಗಿಲಿಗೆ ಟಕ್ ಟಕ್ ಅಂತ ಬಡಿಯುತ್ತಿತ್ತು. ಯಾರೋ ಬಂದು ಕದ ತಟ್ಟಿದ ಹಾಗೆ.

ಬೊಗ್ಗು ಹಿಂದಿನ ಹಟ್ಟಿಯಲ್ಲಿ. ಹಟ್ಟಿ ಅಂದರೆ ದನ ಇಲ್ಲದ ಹಟ್ಟಿ, ಸೌದೆ, ತೆಂಗಿನ ಸಿಪ್ಪೆ ಹಾಕುವ ಜಾಗ. ಅವನು ಊರ ನಾಯಿ, ಕಂದು ಬಣ್ಣ, ಒಂದು ಕಿವಿ ನಿಂತದ್ದು, ಒಂದು ಬಿದ್ದದ್ದು. ಸಾಧಾರಣವಾಗಿ ಅವನನ್ನು ಕಟ್ಟುವುದಿಲ್ಲ. ಆ ವಾರ ಮಾತ್ರ ಪಕ್ಕದ ಮನೆಯ ಕೋಳಿಯ ಹಿಂದೆ ಓಡಿದ ಅಂತ ಗಲಾಟೆ ಆಗಿ, ನಾಲ್ಕು ದಿನ ಕಟ್ಟಿ ಹಾಕುವ, ಬುದ್ಧಿ ಬರಲಿ ಅಂತ ಚೈನು ತಂದು ಹಾಕಿದ್ದೆ. ನಾನೇ. ಕಬ್ಬಿಣದ ಚೈನು, ಅರವತ್ತು ರೂಪಾಯಿ.

ಹಿಂದಿನ ಅಂಗಳ ಮುಂದಿನದಕ್ಕಿಂತ ಎರಡು ಮೆಟ್ಟಿಲು ಕೆಳಗೆ. ಅಲ್ಲಿ ನನ್ನ ಎದೆಯ ಮಟ್ಟಕ್ಕೆ ನೀರು, ಸೆಳೆತ ಬೇರೆ. ಹಿಂದಿನ ಬಾಗಿಲು ತೆಗೆದು ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದ. ಚೈನು ಕುತ್ತಿಗೆಯಿಂದ ನೆಟ್ಟಗೆ ನೀರಿನೊಳಗೆ ಇಳಿದಿತ್ತು. ಬೊಗಳುತ್ತಿರಲಿಲ್ಲ. ಅದೇ ನನಗೆ ಈಗಲೂ ಕಣ್ಣ ಮುಂದೆ ಬರುವುದು. ಸುಮ್ನೆ ನನ್ನನ್ನೇ ನೋಡುತ್ತಾ ನಿಂತಿದ್ದ, ಊಟ ತರುತ್ತಾಳೆ ಅಂತ ನೋಡುವ ಹಾಗೆ.

ಏಳೂವರೆಗೆ ಹುಡುಗರು ಬೋಟು ತಂದರು. ದೇವರ ಹಾಗೆ ಬಂದರು, ಅದರಲ್ಲಿ ಎರಡು ಮಾತಿಲ್ಲ. ಅಮ್ಮನ ಮೊಣಗಂಟು ಸರಿ ಇಲ್ಲ, ಇಬ್ಬರು ಎತ್ತಿ ಕೂರಿಸಿದರು. ನಾನು ಹಿಂದೆ ನಾಯಿ ಇದೆ ಅಂದೆ. "ಅಕ್ಕ, ನಾಯಿ ಆಮೇಲೆ ನೋಡುವ, ಮೊದಲು ಜನ" ಅಂದ ಒಬ್ಬ. ಸರಿಯಾದ ಮಾತೇ. ಆ ಓಣಿಯಲ್ಲಿ ಇನ್ನೂ ನಾಲ್ಕು ಮನೆ ಇತ್ತು, ಒಂದರಲ್ಲಿ ಬಾಣಂತಿ. ನಾನು ಇನ್ನೊಂದು ಸಲ ಕೇಳಲಿಲ್ಲ. ಕೇಳಿದರೆ ಏನು ಅಂದುಕೊಳ್ಳುತ್ತಾರೋ ಅಂತ. ಜನ ಸಾಯುವ ಹೊತ್ತಿಗೆ ಇವಳಿಗೆ ನಾಯಿದ್ದು ಅಂತಾರೆ ಅಂತ. ಹತ್ತಿ ಕೂತೆ.

ಮುಂದಿನ ತಿರುವಿನಲ್ಲಿ ಇನ್ನೊಬ್ಬರನ್ನು ಹತ್ತಿಸಿಕೊಂಡರು, ಪರಿಚಯದ ಟೀಚರಮ್ಮ. ತೊಡೆಯ ಮೇಲೆ ಜವಳಿ ಅಂಗಡಿಯ ದೊಡ್ಡ ಬಟ್ಟೆಚೀಲ. ಚೀಲ ಅಲ್ಲಾಡಿತು. ಬಿಳೀ ಮೂತಿಯೊಂದು ಹೊರಗೆ ಬಂದು ನನ್ನನ್ನು ನೋಡಿ ಸೀನಿತು. ಅವರ ಪೊಮೇರಿಯನ್. ಕಥೆಗೆ ಬೇಕು ಅಂತ ಸೇರಿಸಿದ್ದಾಳೆ ಅಂದುಕೊಳ್ಳಬೇಡಿ, ಒಂದು ಕಾಲದಲ್ಲಿ ನಮ್ಮ ಕಡೆ ಮೂರು ಮನೆಗೊಂದು ಈ ಬಿಳಿ ನಾಯಿ ಇರುತ್ತಿತ್ತು. ನಿಜ ಹೇಳಬೇಕಂದರೆ ಇವುಗಳಲ್ಲಿ ಹೆಚ್ಚಿನವು ಪೊಮೇರಿಯನ್ನೂ ಅಲ್ಲ, ಇಂಡಿಯನ್ ಸ್ಪಿಟ್ಜ್. ಯಾರೂ ಏನೂ ಹೇಳಲಿಲ್ಲ. ನಾಯಿ ಮೊದಲಾ ಜನ ಮೊದಲಾ ಅಂತ ಕೇಳಲೂ ಇಲ್ಲ. ಆ ಹುಡುಗನೇ ಅದರ ತಲೆ ಸವರಿದ. ಟೀಚರಮ್ಮ ಯಾರನ್ನೂ ಕೇಳಿರಲಿಲ್ಲ, ಚೀಲಕ್ಕೆ ಹಾಕಿಕೊಂಡು ಬಂದಿದ್ದರು, ಅಷ್ಟೆ. ಬೊಗ್ಗು ಇಪ್ಪತ್ತು ಕಿಲೋ ಇದ್ದಾನೆ. ಅವನನ್ನು ಯಾವ ಚೀಲಕ್ಕೆ ಹಾಕುವುದು?

ಟೈಟಾನಿಕ್‌ನ ದೊಡ್ಡ ನಾಯಿಗಳ ಕಥೆಯೂ ಇದೇ ಅಂತ ನನಗೆ ಅನಿಸುವುದು. ಅವುಗಳ ಯಜಮಾನರಿಗೆ ಪ್ರೀತಿ ಕಡಿಮೆ ಇರಲಿಲ್ಲ, ನಾಯಿಗಳು ಕೆಳಗೆ ಗೂಡಿನಲ್ಲಿದ್ದವು ಮತ್ತು ಕಂಬಳಿಯಲ್ಲಿ ಹಿಡಿಸುತ್ತಿರಲಿಲ್ಲ. ಜಾನ್ ಜೇಕಬ್ ಆಸ್ಟರ್ ಆ ಹಡಗಿನಲ್ಲೇ ಎಲ್ಲರಿಗಿಂತ ದೊಡ್ಡ ಶ್ರೀಮಂತ. ಅವರ ಏರ್‌ಡೇಲ್ ನಾಯಿಯ ಹೆಸರು ಕಿಟ್ಟಿ. ಗರ್ಭಿಣಿ ಹೆಂಡತಿಯನ್ನು ಬೋಟಿಗೆ ಹತ್ತಿಸಿ, ನಾನೂ ಬರಬಹುದಾ ಅಂತ ಕೇಳಿದ್ದಕ್ಕೆ, ಹೆಂಗಸರೆಲ್ಲ ಹತ್ತಿದ ಮೇಲೆಯೇ ಗಂಡಸರು ಅಂತ ಆಫೀಸರ್ ಬೇಡ ಅಂದರು. ಆಸ್ಟರ್ ಹಿಂದೆ ಸರಿದರು. ಅವರೂ ಹೋದರು, ಕಿಟ್ಟಿಯೂ ಹೋಯಿತು. ಲೇಡಿಯೂ ಸನ್ ಯಾಟ್-ಸೆನ್ನೂ ಇಳಿದದ್ದು ಹಡಗಿನ ಇನ್ನೊಂದು ಬದಿಯಿಂದ. ಆ ಬದಿಯ ಉಸ್ತುವಾರಿ ಯಾರದ್ದು ಗೊತ್ತಾ? ಮಾವನ ಫಾರ್ವರ್ಡಿನ ಅದೇ ಮುರ್ಡೋಕ್. ಹತ್ತಿರ ಹೆಂಗಸರು ಇಲ್ಲದಿದ್ದರೆ ಗಂಡಸರನ್ನೂ ಹತ್ತಿಸಿಕೊಳ್ಳುತ್ತಿದ್ದರು. ಇಲ್ಲದ ನಾಯಿಯೊಂದನ್ನು ಅವರ ತಲೆಗೆ ಕಟ್ಟಿ ಕಣ್ಣೀರು ಹಾಕುತ್ತೇವೆ, ಇದ್ದ ಎರಡು ನಾಯಿಗಳು ಅವರ ಕಣ್ಣೆದುರೇ ಬೋಟಿಗೆ ಹೋದದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಮೂರನೇ ದರ್ಜೆಯ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಸತ್ತರು, ನಾಯಿಗಳು ಬದುಕಿದವು ಅಂತ ಬೈಯುವವರಿದ್ದಾರೆ. ಮಕ್ಕಳ ವಿಷಯಕ್ಕೆ ಸಿಟ್ಟು ಬರಲೇಬೇಕು. ಆದರೆ ನಾಯಿಯ ಮೇಲೆ ಯಾಕೆ? 2,200ಕ್ಕೂ ಜಾಸ್ತಿ ಜನರಿಗೆ ಇದ್ದದ್ದು 20 ಬೋಟು, ಎಲ್ಲ ಸೇರಿ 1,178 ಜಾಗ. ಅಷ್ಟಾದರೂ ತುಂಬಿತಾ ಅಂದರೆ ಇಲ್ಲ, ಬದುಕಿದವರು 700 ಚಿಲ್ಲರೆ. ನಾನೂರಕ್ಕೂ ಜಾಸ್ತಿ ಜಾಗ ಖಾಲಿ ಹೋಯಿತು. ಲೇಡಿ ಯಾರ ಜಾಗವನ್ನೂ ಕಿತ್ತುಕೊಳ್ಳಲಿಲ್ಲ. ನಮ್ಮ ಬೋಟಿನಲ್ಲೂ ಎರಡು ಹಲಗೆ ಖಾಲಿ ಇತ್ತು, ನಾನು ಎಣಿಸಿದ್ದೇನೆ.

ಇನ್ನು ಪರಿಹಾರ ಕೇಳಿದವರು. ವಿಲಿಯಂ ಕಾರ್ಟರ್ ಬದುಕಿ ಬಂದು, ಮುಳುಗಿದ ರೆನೋ ಕಾರಿಗೆ 5,000 ಡಾಲರ್, ಎರಡು ನಾಯಿಗಳಿಗೆ 100 ಮತ್ತು 200 ಡಾಲರ್ ಬರೆದರು. ರಾಬರ್ಟ್ ಡೇನಿಯಲ್ ತಮ್ಮ ಫ್ರೆಂಚ್ ಬುಲ್‌ಡಾಗ್‌ಗೆ 750 ಕೇಳಿದರು. ಮೊದಲು ಓದಿದಾಗ ಛೆ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಆ ಕಾಗದ ಇರುವುದರಿಂದಲೇ ಆ ನಾಯಿಗಳು ಇದ್ದವು ಅಂತ ನಮಗೆ ಗೊತ್ತು. ನೆರೆ ಇಳಿದ ಮೇಲೆ ನಾವೂ ಒಂದು ಪಟ್ಟಿ ಬರೆದೆವು: ಫ್ರಿಜ್, ಮಿಕ್ಸಿ, ಎರಡು ಹಾಸಿಗೆ, ಅಕ್ಕಿ ಐವತ್ತು ಕಿಲೋ. ಅದರಲ್ಲಿ ಬೊಗ್ಗು ಇರಲಿಲ್ಲ. ಎಷ್ಟು ರೂಪಾಯಿ ಅಂತ ಬರೆಯುವುದು?

ಡೇನಿಯಲ್ ಅವರ ಬುಲ್‌ಡಾಗ್ ಬಗ್ಗೆ ಇನ್ನೊಂದು ಮಾತಿದೆ. ನೀರಿಗೆ ಬಿದ್ದು ಬದುಕಿದ ಟೆನಿಸ್ ಆಟಗಾರ ನಾರಿಸ್ ವಿಲಿಯಮ್ಸ್ ಆ ಕತ್ತಲ ನೀರಿನಲ್ಲಿ ಈ ನಾಯಿ ಈಜುತ್ತಿರುವುದನ್ನು ಕಂಡರಂತೆ. ಕಿಟ್ಟಿ ಡೆಕ್ಕಿನ ಮೇಲೆ ಓಡಾಡುತ್ತಿದ್ದುದನ್ನು ಆಸ್ಟರ್ ಅವರ ಹೆಂಡತಿ ಬೋಟಿನಿಂದ ನೋಡಿದರು ಅಂತಲೂ ಹೇಳುತ್ತಾರೆ. ಗೂಡಿನಲ್ಲಿ ಇದ್ದ ನಾಯಿ ಡೆಕ್ಕಿಗೆ, ನೀರಿಗೆ ಹೇಗೆ ಬಂತು? ಯಾರೋ ಕೊನೆಯ ಹೊತ್ತಿನಲ್ಲಿ ಕೆಳಗೆ ಹೋಗಿ ಬಾಗಿಲು ತೆಗೆದಿರಬೇಕು. ಬದುಕಲಿಕ್ಕೆ ಅಂತ ಅಲ್ಲ, ಬೋಟೇ ಇರಲಿಲ್ಲವಲ್ಲ. ಕಟ್ಟಿದಲ್ಲೇ ಮುಳುಗುವುದು ಬೇಡ ಅಂತ. ಒಂದು ಕಥೆಯಲ್ಲಿ ಅದು ಆಸ್ಟರ್. ಆಗಲೇಬೇಕಲ್ಲ, ಎಲ್ಲರಿಗಿಂತ ಶ್ರೀಮಂತ ಅವರೇ. ನನಗೇನೋ ಅದು ಹೆಸರಿಲ್ಲದ ಯಾವನೋ ಸಂಬಳದ ಹುಡುಗ ಅಂತಲೇ ಅನಿಸುವುದು, ದಿನಾ ಅವುಗಳನ್ನು ತಿರುಗಾಡಿಸುತ್ತಿದ್ದವನು.

ನಮಗೆ ನೀರು ಇಳಿದದ್ದು ಮರುದಿನ. ಹಿಂದೆ ಹೋಗಿ ನೋಡಿದರೆ ಒಗೆಯುವ ಕಲ್ಲಿನ ಮೇಲೆ ಕೆಸರು, ಬಾಳೆಲೆ, ಒಂದು ಹವಾಯಿ ಚಪ್ಪಲಿ. ನಾಯಿ ಇಲ್ಲ. ಚೈನು ಕಂಬಕ್ಕೆ ಹಾಗೇ ಇತ್ತು. ಎಳೆದು ಎಳೆದು ನೋಡಿದೆ, ತುಂಡಾಗಿರಲಿಲ್ಲ. ತುದಿಯ ಕೊಕ್ಕೆ ತೆಗೆದಿತ್ತು. ಆ ಕೊಕ್ಕೆ ತನ್ನಷ್ಟಕ್ಕೆ ತೆಗೆಯುವಂಥದ್ದಲ್ಲ, ಹೆಬ್ಬೆರಳಿಂದ ಒತ್ತಿ ಹಿಡಿಯಬೇಕು.

ಮೂರನೇ ದಿನ ಸಂಜೆ ಬಂದ. ಚರಂಡಿಯ ವಾಸನೆ, ಮೈಯೆಲ್ಲ ಮುಳ್ಳು. ಕುಚ್ಚಲಕ್ಕಿ ಗಂಜಿಗೆ ಒಣಮೀನು ಹಾಕಿ ಕೊಟ್ಟೆ. ತಿಂದ. ಅಮ್ಮನ ಕಾಲ ಹತ್ತಿರ ಹೋಗಿ ಮಲಗಿದ. ನನ್ನ ಹತ್ತಿರ ಬರಲಿಕ್ಕೆ ಇನ್ನೂ ಎರಡು ದಿನ ತಗೊಂಡ.

ಬಿಚ್ಚಿದ್ದು ಯಾರು ಅಂತ ಅಮ್ಮ ಓಣಿಯೆಲ್ಲ ಕೇಳಿದರು. ಇವತ್ತಿನವರೆಗೆ ಮೂವರು ನಾನೇ ಅಂದಿದ್ದಾರೆ. ಅದರಲ್ಲಿ ಒಬ್ಬರು ಆವತ್ತು ಮಂಗಳೂರಿನಲ್ಲಿದ್ದರು, ಇನ್ನೊಬ್ಬರಿಗೆ ಈಜು ಬರುವುದಿಲ್ಲ. ಮೂರನೆಯವರು ಕೋಳಿಯ ಯಜಮಾನರು. ಅವರು ಹೇಳಿದ್ದು ನಿಜ ಇದ್ದರೂ ಇರಬಹುದು, ಅಮ್ಮ ನಂಬುವುದಿಲ್ಲ. ಕಟ್ಟಿದ್ದು ಯಾರು ಅಂತ ಕೇಳಿದರೆ ಮಾತ್ರ ಓಣಿಯಲ್ಲಿ ಒಬ್ಬಳೇ.

ಇದನ್ನೆಲ್ಲ ಮಾವನಿಗೆ ಫೋನಿನಲ್ಲೇ ಹೇಳಿದೆ. ಅವರಿಗೆ ಬೊಗ್ಗುವಿನ ಕಥೆ ಗೊತ್ತಿತ್ತು, ಟೀಚರಮ್ಮನ ಚೀಲದ್ದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಶಿಪ್ಪಿನಲ್ಲಿ ಡ್ರಿಲ್ ಮಾಡಿಸುವಾಗ ನಮಗೆ ಒಂದು ಹೇಳುತ್ತಿದ್ದರು, ಎಂತದನ್ನೂ ಹಿಡಕೊಳ್ಳಬೇಡಿ, ಕೈ ಬೀಸಿಕೊಂಡು ಬನ್ನಿ ಅಂತ" ಅಂದರು. "ನೀನು ಸರಿಯಾಗಿಯೇ ಮಾಡಿದ್ದು." ನಾನು ಹ್ಞೂಂ ಅಂದೆ.

ಮಧ್ಯಾಹ್ನ ಎಳೆ ಗೇರುಬೀಜ ತೊಂಡೆಕಾಯಿ ಪಲ್ಯ, ಹೆಸರುಬೇಳೆ ಪಾಯಸ. ಬೊಗ್ಗುವಿಗೆ ಈಗ ವಯಸ್ಸಾಗಿದೆ, ಒಂದು ಕಣ್ಣು ಮಂಜು, ಕೋಳಿ ಎದುರಿಗೆ ಬಂದರೂ ಏಳುವುದಿಲ್ಲ. ಪಾಯಸದ ತಟ್ಟೆ ನೆಕ್ಕಿ ಮೆಟ್ಟಿಲ ಮೇಲೆ ಮಲಗಿದ್ದ. ಚೈನು ಇನ್ನೂ ಇದೆ. ಅಮ್ಮ ಅದನ್ನು ಬಾವಿಯ ಕೊಡಪಾನದ ಹಗ್ಗಕ್ಕೆ ಸೇರಿಸಿದ್ದಾರೆ, ನೀರು ಕೆಳಗೆ ಹೋಗುವ ತಿಂಗಳಲ್ಲಿ ಹಗ್ಗ ಸಾಕಾಗುವುದಿಲ್ಲ ಅಂತ. ಪ್ರತಿ ಸಲ ಕೊಡಪಾನ ಬಿಟ್ಟಾಗ ಅದು ಕಲ್ಲಿಗೆ ತಾಗಿ ಸದ್ದು ಮಾಡುತ್ತದೆ. ಬೊಗ್ಗು ನಿಂತ ಕಿವಿಯನ್ನು ಒಂದು ಸಲ ಅಲ್ಲಾಡಿಸಿ, ಮತ್ತೆ ಮಲಗುತ್ತಾನೆ.